ಬಿರುಗಾಳಿಗೆ ಹೆಸರಿಟ್ಟವನು

ಮನೆಯಲ್ಲಿ ಮಗು ಹುಟ್ಟಿದರೆ ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ಕೊಟ್ಟಿಗೆಯ ಹಸುವಿಗೆ ಗೌರಿ ಎಂದೋ ಗಂಗೆ ಎಂದೋ ಹೆಸರುಂಟು. ಊರಿನ ಗುಡ್ಡಕ್ಕೆ, ಕೆರೆಗೆ, ತೋಪಿಗೆ, ಹೊಲಗದ್ದೆಗಳಿಗೆ ಕೂಡ ನಮ್ಮ ಹಿರಿಯರು ಹೆಸರಿಟ್ಟಿದ್ದಾರೆ. ಇವೆಲ್ಲ ನಮ್ಮೊಡನೆ ಬಹುಕಾಲ ಇರುವಂಥವು. ಹೆಸರಿಲ್ಲದಿದ್ದರೆ ವ್ಯವಹಾರ ನಡೆಯದು. ಆದರೆ ನಾಲ್ಕಾರು ದಿನ ಕಡಲ ಮೇಲೆ ಸುತ್ತಿ ಸುಳಿದು, ದಡಕ್ಕೆ ಅಪ್ಪಳಿಸಿ ಅಳಿದುಹೋಗುವ ಗಾಳಿಗೆ ಹೆಸರೇಕೆ? 2021ರ ಮೇ ತಿಂಗಳಿನಲ್ಲಿ ನಮ್ಮ ಕರಾವಳಿಯ ಪಕ್ಕದಲ್ಲಿಯೇ ಒಂದು ಚಂಡಮಾರುತ ಹಾದುಹೋಯಿತು. ಮಂಗಳೂರಿನಿಂದ ಕಾರವಾರದವರೆಗೆ ಮೀನುಗಾರರ ಬಾಯಲ್ಲಿ ಆಗ ಇದ್ದ ಹೆಸರು ‘ತೌಕ್ತೆ’. ಅದು ಮ್ಯಾನ್ಮಾರ್ ದೇಶದವರು ಕೊಟ್ಟ ಹೆಸರು. ಅವರ ಭಾಷೆಯಲ್ಲಿ ಅದು ಒಂದು ಜಾತಿಯ ಹಲ್ಲಿ. ಎಲ್ಲಿಯ ಮ್ಯಾನ್ಮಾರ್, ಎಲ್ಲಿಯ ಮಲ್ಪೆ! ಕಣ್ಣಿಗೆ ಕಾಣದ ಗಾಳಿಯನ್ನು ಹೀಗೆ ಹೆಸರು ಹಿಡಿದು ಕರೆಯುವ ಪದ್ಧತಿಯನ್ನು ಜಾರಿಗೆ ತಂದ ವಿಚಿತ್ರ ಮನುಷ್ಯನೊಬ್ಬನ ಕಥೆ ಇದು. ಅವನ ಹೆಸರು ಕ್ಲೆಮೆಂಟ್ ಲಿಂಡ್ಲೆ ರ‍್ಯಾಗ್.

ರ‍್ಯಾಗ್ 1852ರ ಸೆಪ್ಟೆಂಬರ್ 18ರಂದು ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಎಂಬ ಪಟ್ಟಣದಲ್ಲಿ ಜನಿಸಿದನು. ಅವನು ಕೆಲವೇ ತಿಂಗಳ ಕೂಸಾಗಿದ್ದಾಗ ತಾಯಿ ತೀರಿಕೊಂಡಳು. ಐದು ವರ್ಷದವನಾಗಿದ್ದಾಗ ತಂದೆಯೂ ಇಲ್ಲವಾದನು. ತಬ್ಬಲಿಯಾದ ಹುಡುಗನನ್ನು ಅಜ್ಜಿ ಸ್ಟ್ಯಾಫರ್ಡ್‌ಷೈರಿನ ಓಕಮೂರ್ ಎಂಬ ಹಳ್ಳಿಗೆ ಕರೆದೊಯ್ದು ಸಾಕಿದಳು. ಬೆಳೆದ ಹುಡುಗನನ್ನು ವಕೀಲನನ್ನಾಗಿ ಮಾಡಬೇಕೆಂದು ಲಂಡನ್ನಿನ ಲಿಂಕನ್ಸ್ ಇನ್ ಎಂಬ ಕಾನೂನು ವಿದ್ಯಾಸಂಸ್ಥೆಗೆ ಸೇರಿಸಿದರು. ಆದರೆ ಅವನ ಮನಸ್ಸು ಕಾನೂನಿನ ಹೊತ್ತಗೆಗಳಲ್ಲಿ ನಿಲ್ಲಲಿಲ್ಲ. ಹಡಗು ಹತ್ತಿ ದೇಶ ಸುತ್ತುವುದೇ ಅವನಿಗೆ ಪ್ರಿಯವಾಯಿತು. ಹೀಗೆ ಸುತ್ತುತ್ತ ಅವನು ಆಸ್ಟ್ರೇಲಿಯವನ್ನು ಸೇರಿ, ಅಡಿಲೇಡಿನ ಭೂಮಾಪನ ಇಲಾಖೆಯಲ್ಲಿ ಕೆಲಸಕ್ಕೆ ನಿಂತನು. ಅಲ್ಲಿಯೇ 1877ರಲ್ಲಿ ಲಿಯೊನೋರ ಎಂಬವಳನ್ನು ವರಿಸಿದನು. ಮರುವರ್ಷ ದಂಪತಿಗಳು ಬ್ರಿಟನ್ನಿಗೆ ಹಿಂದಿರುಗಿದರು.

ಆ ಕಾಲದಲ್ಲಿ ಸ್ಕಾಟ್ಲೆಂಡಿನ ಹವಾಮಾನ ಸಂಘದವರಿಗೆ ಒಂದು ಆಸೆಯಿತ್ತು. ಬ್ರಿಟನ್ನಿನಲ್ಲೆಲ್ಲ ಎತ್ತರವಾದ ಬೆನ್ ನೆವಿಸ್ ಶಿಖರದ ಮೇಲೆ ಒಂದು ವೀಕ್ಷಣಾಲಯವನ್ನು ಕಟ್ಟಬೇಕು, ಮೇಲಿನ ವಾಯುಮಂಡಲದಲ್ಲಿ ಏನು ನಡೆಯುತ್ತದೆಂಬುದನ್ನು ಅಳೆಯಬೇಕು ಎಂಬುದೇ ಆ ಆಸೆ. ಆದರೆ ಹಣವಿರಲಿಲ್ಲ. ಆಗ ರ‍್ಯಾಗ್ ತಾನೇ ದಿನವೂ ಬೆಟ್ಟ ಹತ್ತಿ ಅಳತೆಗಳನ್ನು ತರುವುದಾಗಿ ಮುಂದೆ ಬಂದನು. ಆ ಶಿಖರದ ಎತ್ತರ ಸುಮಾರು 1,345 ಮೀಟರು. ನಮ್ಮ ಮುಳ್ಳಯ್ಯನಗಿರಿಗಿಂತ ಅದು ಗಿಡ್ಡ, ನಿಜ. ಆದರೆ ಮುಳ್ಳಯ್ಯನಗಿರಿಯನ್ನು ನಾವು ಎತ್ತರದ ನೆಲದಿಂದ ಹತ್ತಲು ತೊಡಗುತ್ತೇವೆ. ಬೆನ್ ನೆವಿಸ್ಸನ್ನು ಕಡಲ ಮಟ್ಟದಿಂದಲೇ ಹತ್ತಬೇಕು. ಮೇಲೆ ಹಿಮ, ಮಂಜು, ಎದೆ ಕೊರೆಯುವ ಗಾಳಿ. 1881ರ ಜೂನ್ 1ರಿಂದ ಅಕ್ಟೋಬರ್ ನಡುವಿನವರೆಗೆ ರ‍್ಯಾಗ್ ಪ್ರತಿದಿನವೂ ನಸುಕಿನಲ್ಲಿಯೇ ಹೊರಟು ಶಿಖರವನ್ನು ಹತ್ತಿ ಇಳಿದನು. ದಾರಿಯಲ್ಲಿ ಗೊತ್ತುಮಾಡಿದ ತಾಣಗಳಲ್ಲಿ ನಿಂತು ಉಷ್ಣತೆ, ವಾಯುಭಾರ, ಗಾಳಿ, ಮೋಡ ಇವನ್ನೆಲ್ಲ ಬರೆದುಕೊಳ್ಳುತ್ತಿದ್ದನು. ಕೆಳಗೆ ಫೋರ್ಟ್ ವಿಲಿಯಂ ಊರಿನಲ್ಲಿ ಅವನ ಹೆಂಡತಿ ಲಿಯೊನೋರ ಅದೇ ವೇಳೆಗೆ ಸರಿಯಾಗಿ ಕಡಲ ಮಟ್ಟದ ಅಳತೆಗಳನ್ನು ತೆಗೆಯುತ್ತಿದ್ದಳು. ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ಹೊತ್ತು ತಪ್ಪಿದರೆ ಹೋಲಿಕೆ ಕೆಡುತ್ತದೆ. ಬೆಟ್ಟ ಹತ್ತಿದವನ ಕೀರ್ತಿ ಎಲ್ಲೆಡೆ ಹಬ್ಬಿತು. ಕೆಳಗೆ ಗಡಿಯಾರ ನೋಡುತ್ತ ಕುಳಿತವಳ ಹೆಸರನ್ನು ಹೇಳುವವರು ಕಡಿಮೆ. ಆ ಅಂಕಿಗಳಲ್ಲಿ ಅರ್ಧ ಅವಳವು ಎಂಬುದನ್ನು ಮರೆಯಬಾರದು.

1882ರಲ್ಲಿ ಹವಾಮಾನ ಸಂಘವು ಅವನಿಗೆ ಚಿನ್ನದ ಪದಕವನ್ನಿತ್ತು ಗೌರವಿಸಿತು. ಆ ಬೇಸಗೆಯಲ್ಲಿಯೂ ಬೆಟ್ಟದ ಕೆಲಸ ಮುಂದುವರಿಯಿತು. ಅವನ ಸಾಹಸವನ್ನು ಕಂಡು ಜನ ಉದಾರವಾಗಿ ಹಣ ಕೊಟ್ಟರು. 1883ರಲ್ಲಿ ಶಿಖರದ ಮೇಲೆ ಕಲ್ಲಿನ ವೀಕ್ಷಣಾಲಯವೊಂದು ಎದ್ದುನಿಂತಿತು. ಅದರ ಮೇಲ್ವಿಚಾರಕನ ಹುದ್ದೆಗೆ ರ‍್ಯಾಗ್ ಅರ್ಜಿ ಹಾಕಿದನು. ಹುದ್ದೆ ಮತ್ತೊಬ್ಬನ ಪಾಲಾಯಿತು. ಯಾವ ಮನೆಗಾಗಿ ಹೊತ್ತು ಹೊತ್ತು ಕಲ್ಲು ಸೇರಿಸಿದನೋ ಆ ಮನೆಯ ಬಾಗಿಲು ಅವನಿಗೇ ತೆರೆಯಲಿಲ್ಲ. ಈ ನೋವು ಅವನ ಬಾಳಿನಲ್ಲಿ ಮೊದಲನೆಯದು, ಕೊನೆಯದಲ್ಲ.

ಬೇಸತ್ತ ರ‍್ಯಾಗ್ ಮತ್ತೆ ಆಸ್ಟ್ರೇಲಿಯಕ್ಕೆ ಹಡಗು ಹತ್ತಿದನು. ಅಡಿಲೇಡಿನಲ್ಲಿ ಸ್ವಂತ ವೀಕ್ಷಣಾಲಯವನ್ನು ಹೂಡಿದನು; ಹತ್ತಿರದ ಲಾಫ್ಟಿ ಬೆಟ್ಟದ ಮೇಲೆ ಇನ್ನೊಂದನ್ನು ಏರ್ಪಡಿಸಿದನು. 1887ರ ಜನವರಿಯಲ್ಲಿ ಕ್ವೀನ್ಸ್‌ಲೆಂಡ್ ಸರ್ಕಾರ ಅವನನ್ನು ತನ್ನ ಹವಾಮಾನ ತಜ್ಞನನ್ನಾಗಿ ನೇಮಿಸಿಕೊಂಡಿತು. ಆಗ ಆಸ್ಟ್ರೇಲಿಯ ಒಂದೇ ದೇಶವಾಗಿರಲಿಲ್ಲ. ಬ್ರಿಟಿಷರ ಬೇರೆ ಬೇರೆ ವಸಾಹತುಗಳಾಗಿ ಹಂಚಿಹೋಗಿತ್ತು. ಅವುಗಳಲ್ಲಿ ಈಶಾನ್ಯದ್ದು ಕ್ವೀನ್ಸ್‌ಲೆಂಡ್. ಅದರ ಉದ್ದನೆಯ ಕರಾವಳಿಯ ಮುಂದೆ ಹವಳದ ದಿಬ್ಬಗಳು, ದಿಬ್ಬಗಳಾಚೆ ಬೆಚ್ಚನೆಯ ಕಡಲು. ಬೇಸಗೆಯಲ್ಲಿ ಆ ಕಡಲಿನಿಂದ ಚಂಡಮಾರುತಗಳು ಏಳುತ್ತವೆ. ನಮಗೆ ಚಳಿಗಾಲವಾದ ಡಿಸೆಂಬರ್, ಜನವರಿಗಳು ಅಲ್ಲಿ ಬೇಸಗೆ ಎಂಬುದನ್ನು ಭೂಗೋಳದಲ್ಲಿ ಓದಿದ್ದೀರಿ.

ಚಂಡಮಾರುತ ಎಂಬುದು ಹುಟ್ಟುವುದು ಹೇಗೆ? ಕಡಲ ಮೇಲ್ಮೈಯ ನೀರು ಸುಮಾರು 26 ಅಥವಾ 27 ಡಿಗ್ರಿ ಸೆಲ್ಸಿಯಸ್ಸಿಗಿಂತ ಬೆಚ್ಚಗಿದ್ದರೆ ಅಲ್ಲಿನ ತೇವದ ಗಾಳಿ ಹಗುರವಾಗಿ ಮೇಲೇರುತ್ತದೆ; ಆ ತೇವ ಮೇಲೆ ಮೋಡವಾಗಿ ಕೂಡುವಾಗ ಶಾಖ ಬಿಡುತ್ತದೆ; ಆ ಶಾಖದಿಂದ ಗಾಳಿ ಮತ್ತಷ್ಟು ಮೇಲೇರುತ್ತದೆ. ಕೆಳಗೆ ವಾಯುಭಾರ ಕುಸಿಯುತ್ತದೆ. ಕುಸಿದ ಕಡೆಗೆ ಸುತ್ತಣ ಗಾಳಿ ನುಗ್ಗುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತಿರುವುದರಿಂದ ಆ ಗಾಳಿ ನೇರವಾಗಿ ನುಗ್ಗಲಾರದೆ ಓರೆಯಾಗಿ ಸುತ್ತತೊಡಗುತ್ತದೆ. ಭೂಮಧ್ಯರೇಖೆಯ ಉತ್ತರಕ್ಕೆ ಅದು ಅಪ್ರದಕ್ಷಿಣವಾಗಿ, ದಕ್ಷಿಣಕ್ಕೆ ಪ್ರದಕ್ಷಿಣವಾಗಿ ಸುತ್ತುತ್ತದೆ. ಇಂಥ ಸುಳಿಗಾಳಿಗೆ ‘ಸೈಕ್ಲೋನ್’ ಎಂಬ ಪದವನ್ನು ಟಂಕಿಸಿದವನು ನಮ್ಮ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. 1848ರಲ್ಲಿ ನಾವಿಕರಿಗಾಗಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವನು ಈ ಪದವನ್ನು ಬಳಸಿದನು. ಸರ್ಪದ ಸುರುಳಿಯನ್ನು ಸೂಚಿಸುವ ಗ್ರೀಕ್ ಮಾತಿನಿಂದ ಅದು ಬಂದಿದೆ. ಇಡೀ ಜಾತಿಗೆ ಹೆಸರಿಟ್ಟವನು ಪಿಡಿಂಗ್ಟನ್. ಆ ಜಾತಿಯ ಒಂದೊಂದು ಗಾಳಿಗೂ ಬಿಡಿ ಬಿಡಿಯಾಗಿ ಹೆಸರಿಡುವ ಕೆಲಸ ರ‍್ಯಾಗ್‌ನಿಗೆ ಉಳಿದಿತ್ತು.

ಬ್ರಿಸ್ಬೇನ್ ನಗರದ ಕಚೇರಿಯಲ್ಲಿ ಕುಳಿತು ಅವನು ತಂತಿಯ ಮೂಲಕ ಬಂದ ಅಂಕಿಗಳನ್ನು ನಕ್ಷೆಯ ಮೇಲೆ ಗುರುತಿಸುತ್ತಿದ್ದನು. ಒಂದೇ ವಾಯುಭಾರವುಳ್ಳ ಊರುಗಳನ್ನೆಲ್ಲ ಕೂಡಿಸುವ ಗೆರೆ ಎಳೆದರೆ, ಎಲ್ಲಿ ಭಾರ ಕುಸಿದಿದೆಯೋ ಅಲ್ಲಿ ಗೆರೆಗಳು ಸುತ್ತು ಸುತ್ತಾಗಿ ಮೂಡುತ್ತವೆ. ಒಮ್ಮೊಮ್ಮೆ ಒಂದೇ ನಕ್ಷೆಯಲ್ಲಿ ಎರಡು ಮೂರು ಸುತ್ತುಗಳು ಕಾಣಿಸಿಕೊಳ್ಳುವುದುಂಟು. ನಿನ್ನೆ ಇಲ್ಲಿದ್ದದ್ದು ಇಂದು ಇನ್ನೂರು ಮೈಲಿಯಾಚೆ ಇರುತ್ತದೆ. ಯಾವುದು ಯಾವುದೆಂದು ಹೇಳುವುದು ಹೇಗೆ? ಅಕ್ಷಾಂಶ ರೇಖಾಂಶಗಳನ್ನು ತಂತಿಯಲ್ಲಿ ಕಳಿಸಿದರೆ ಒಂದು ಅಂಕಿ ತಪ್ಪಿದರೂ ಅನರ್ಥ. ಜನಸಾಮಾನ್ಯರಿಗಂತೂ ಆ ಅಂಕಿಗಳು ಅರ್ಥವೇ ಆಗುವುದಿಲ್ಲ. ಅದೇ ಒಂದು ಹೆಸರಿದ್ದರೆ? ಅಂಗಡಿಯವನೂ ಅಂಬಿಗನೂ ಅದನ್ನು ನೆನಪಿಡಬಲ್ಲರು.

ಇದಕ್ಕೆ ಮುಂಚೆ ಜನ ಗಾಳಿಗೆ ಹೆಸರಿಟ್ಟಿರಲೇ ಇಲ್ಲವೆಂದಲ್ಲ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಬಿರುಗಾಳಿ ಬಡಿದ ದಿನ ಯಾವ ಸಂತನ ಹಬ್ಬವೋ ಆ ಸಂತನ ಹೆಸರಿನಿಂದಲೇ ಅದನ್ನು ನೆನೆಯುತ್ತಿದ್ದರು. ಪೋರ್ಟೊ ರಿಕೊ ದ್ವೀಪವನ್ನು 1876ರ ಸೆಪ್ಟೆಂಬರ್ 13ರಂದು ಬಡಿದ ಗಾಳಿ ‘ಸ್ಯಾನ್ ಫೆಲಿಪೆ’ ಆಯಿತು. 1928ರಲ್ಲಿ ಅದೇ ತಿಂಗಳು ಅದೇ ತಾರೀಖು ಬಡಿದ ಇನ್ನೊಂದು ಗಾಳಿಯೂ ‘ಸ್ಯಾನ್ ಫೆಲಿಪೆ’ಯೇ ಆಯಿತು! ಆದರೆ ಅವು ಗಾಳಿ ಬಡಿದು ಹೋದ ಮೇಲೆ, ಗೋರಿಯ ಕಲ್ಲಿನ ಮೇಲೆ ಕೆತ್ತುವಂತೆ ಇಟ್ಟ ಹೆಸರುಗಳು. ಗಾಳಿ ಇನ್ನೂ ಕಡಲಲ್ಲಿರುವಾಗಲೇ, ಅದು ದಡ ಮುಟ್ಟುವ ಮುನ್ನವೇ ಹೆಸರಿಟ್ಟು ಜನರನ್ನು ಎಚ್ಚರಿಸುವುದು ರ‍್ಯಾಗ್‌ನ ಕ್ರಮವಾಗಿತ್ತು. ಇವೆರಡರ ಅಂತರ ಸಣ್ಣದಲ್ಲ.

ಮೊದಲು ಅವನು ಗ್ರೀಕ್ ಅಕ್ಷರಗಳನ್ನು ಹೆಸರಾಗಿ ಬಳಸಿದನು. 1896ರ ಜನವರಿಯಲ್ಲಿ ಟೌನ್ಸ್‌ವಿಲ್ ಪಟ್ಟಣವನ್ನು ನೀರಿನಲ್ಲಿ ಮುಳುಗಿಸಿದ ಗಾಳಿಯ ಹೆಸರು ‘ಸಿಗ್ಮ’. ಅಕ್ಷರಗಳು ಮುಗಿಯುತ್ತ ಬಂದಂತೆ ಪುರಾಣ ಚರಿತ್ರೆಗಳ ಕಡೆಗೆ ತಿರುಗಿದನು. ಪಾರಸಿಕ ದೊರೆ ಕ್ಸರ್ಕ್ಸೀಸ್, ಕಾರ್ಥೇಜಿನ ಸೇನಾನಿ ಹ್ಯಾನಿಬಲ್ ಇವರೆಲ್ಲ ಗಾಳಿಗಳಾದರು. ಆಮೇಲೆ ಪೆಸಿಫಿಕ್ ದ್ವೀಪಗಳ ಕನ್ಯೆಯರ ಹೆಸರುಗಳು ಅವನಿಗೆ ಪ್ರಿಯವಾದವು. ದಿನಪತ್ರಿಕೆಗಳಲ್ಲಿ ಅವನ ವರದಿಗಳನ್ನು ಜನ ಕಾದು ಓದುತ್ತಿದ್ದರು. ಒಣ ಅಂಕಿಗಳ ನಡುವೆ ಒಂದು ಜೀವಂತ ಹೆಸರು ಕಂಡರೆ ಓದುಗನಿಗೆ ಏನೋ ಕುತೂಹಲ. ಕಚೇರಿಯ ಅಧಿಕಾರಿಯೊಬ್ಬ ಹೀಗೆ ಬರೆಯುವುದು ಗಂಭೀರವಲ್ಲವೆಂದು ಮೂಗು ಮುರಿದವರೂ ಇದ್ದರು.

ರ‍್ಯಾಗ್‌ನ ಸ್ವಭಾವವನ್ನು ಇಲ್ಲಿಯೇ ಹೇಳಿಬಿಡಬೇಕು. ಎತ್ತರದ ಆಳು, ಕೆಂಪು ಕೂದಲು, ಮೂಗಿನ ತುದಿಯಲ್ಲಿ ಕೋಪ. ಕ್ಲೆಮೆಂಟ್ ಎಂಬ ಇಂಗ್ಲಿಷ್ ಮಾತಿಗೆ ಸೌಮ್ಯ ಎಂದರ್ಥ. ಜನ ಅದಕ್ಕೊಂದು ಉಪಸರ್ಗ ಸೇರಿಸಿ ‘ಇನ್‌ಕ್ಲೆಮೆಂಟ್ ರ‍್ಯಾಗ್’ ಎಂದು ಕರೆದರು. ಕೆಟ್ಟ ಹವೆಯ ರ‍್ಯಾಗ್ ಎಂದು ಇದರ ತಾತ್ಪರ್ಯ. ಕ್ವೀನ್ಸ್‌ಲೆಂಡಿಗೆ ಮಾತ್ರ ಮುನ್ಸೂಚನೆ ಕೊಡಬೇಕಾದವನು ಇಡೀ ಆಸ್ಟ್ರೇಲಿಯಕ್ಕೂ ಕೊಡತೊಡಗಿದನು. ಗಾಳಿಗೆ ವಸಾಹತಿನ ಗಡಿ ಗೊತ್ತಿಲ್ಲ, ನಕ್ಷೆಗೆ ಏಕೆ ಇರಬೇಕು ಎಂಬುದು ಅವನ ವಾದವಾಗಿತ್ತು. ವಾದವೇನೋ ಸರಿ. ಆದರೆ ಸಿಡ್ನಿ, ಮೆಲ್ಬೋರ್ನ್, ಅಡಿಲೇಡುಗಳಲ್ಲಿ ಬಹುಕಾಲದಿಂದ ದುಡಿಯುತ್ತಿದ್ದ ಹಿರಿಯ ವಿಜ್ಞಾನಿಗಳನ್ನು ಕೇಳದೆ ಅವರ ಊರಿನ ಮಳೆಯನ್ನು ತಾನು ಹೇಳುವುದು ಅವರಿಗೆ ಹಿಡಿಸಲಿಲ್ಲ. ಒಳ್ಳೆಯ ಮಾತಿನಲ್ಲಿ ಒಪ್ಪಿಸಬಹುದಾಗಿದ್ದ ಕಡೆ ರ‍್ಯಾಗ್ ಜಗಳವಾಡಿದನು. ಹೀಗೆ ಕೂಡಿಬಂದ ಹಗೆಯ ಬೆಲೆಯನ್ನು ಅವನು ಮುಂದೆ ತೆರಬೇಕಾಯಿತು.

ಕೆಲಸದಲ್ಲಿ ಮಾತ್ರ ಅವನಿಗೆ ದಣಿವೆಂಬುದಿರಲಿಲ್ಲ. ಟಾಸ್ಮೇನಿಯದ ವೆಲಿಂಗ್ಟನ್ ಪರ್ವತದ ಮೇಲೆ, ಆಸ್ಟ್ರೇಲಿಯದಲ್ಲೆಲ್ಲ ಎತ್ತರವಾದ ಕೊಸಿಯಸ್ಕೊ ಶಿಖರದ ಮೇಲೆ ಅವನು ವೀಕ್ಷಣಾಲಯಗಳನ್ನು ನಡೆಸಿದನು. ಕೊಸಿಯಸ್ಕೊ ಶಿಖರದಲ್ಲಿ 1897ರ ಕೊನೆಯಲ್ಲಿ ಕೆಲಸ ಆರಂಭವಾದದ್ದು ಬರಿಯ ಡೇರೆಗಳಲ್ಲಿ. ತರುಣರನ್ನು ಕರೆದು ತರಬೇತು ಕೊಟ್ಟನು. ಅವನ ಬಳಿ ಕಲಿತ ಇನಿಗೊ ಜೋನ್ಸ್ ಎಂಬ ಹುಡುಗನ ಮನೆಯ ತೋಟ ಕ್ರೋಹಮ್‌ಹರ್ಸ್ಟ್ ಎಂಬಲ್ಲಿತ್ತು. 1893ರ ಫೆಬ್ರವರಿಯಲ್ಲಿ ಅಲ್ಲಿ ಒಂದೇ ದಿನ 907 ಮಿಲಿಮೀಟರ್ ಮಳೆ ಸುರಿದುದು ಅಳತೆಯಲ್ಲಿ ದಾಖಲಾಯಿತು. ನಮ್ಮ ಬಯಲುಸೀಮೆಯ ಹಲವು ತಾಲ್ಲೂಕುಗಳಲ್ಲಿ ಇಡೀ ವರ್ಷಕ್ಕೂ ಅಷ್ಟು ಮಳೆ ಬೀಳುವುದಿಲ್ಲ! ಆ ಮಳೆಯ ನೀರು ಹರಿದು ಬಂದು ಬ್ರಿಸ್ಬೇನ್ ನಗರವನ್ನು ಮುಳುಗಿಸಿತು.

ಈಗ 1899ರ ಮಾರ್ಚ್ ತಿಂಗಳಿಗೆ ಬರೋಣ. ಕ್ವೀನ್ಸ್‌ಲೆಂಡಿನ ಉತ್ತರಕ್ಕೆ ಈಟಿಯಂತೆ ಚಾಚಿರುವ ಭೂಭಾಗ ಕೇಪ್ ಯಾರ್ಕ್. ಅದರ ಪೂರ್ವದ ಬಾಥರ್ಸ್ಟ್ ಕೊಲ್ಲಿಯ ಸುತ್ತ ಮುತ್ತಿನ ಚಿಪ್ಪು ತೆಗೆಯುವ ದೋಣಿಗಳ ತಂಡ ಲಂಗರು ಹಾಕಿತ್ತು. ದೋಣಿಗಳಲ್ಲಿದ್ದವರು ಹೆಚ್ಚಾಗಿ ಏಷ್ಯದಿಂದಲೂ ಪೆಸಿಫಿಕ್ ದ್ವೀಪಗಳಿಂದಲೂ ಹೊಟ್ಟೆಪಾಡಿಗಾಗಿ ಬಂದ ಬಡ ಮುಳುಗುಗಾರರು. ಕಡಲಿನಿಂದ ಒಂದು ಚಂಡಮಾರುತ ಬರುತ್ತಿದೆಯೆಂದು ರ‍್ಯಾಗ್ ಕಂಡುಕೊಂಡು, ಅದಕ್ಕೆ ‘ಮಹಿನಾ’ ಎಂದು ಹೆಸರಿಟ್ಟನು. ಪಾಲಿನೇಷ್ಯದ ಕೆಲವು ಭಾಷೆಗಳಲ್ಲಿ ಮಹಿನಾ ಎಂದರೆ ಚಂದ್ರ. ತಂಪಾದ ಹೆಸರು. ಆದರೆ ಆ ಹೆಸರನ್ನು ದೋಣಿಗಳಿಗೆ ಮುಟ್ಟಿಸುವವರು ಯಾರು? ಆಗ ಹಡಗುಗಳಲ್ಲಿ ನಿಸ್ತಂತು ಯಂತ್ರಗಳಿರಲಿಲ್ಲ. ಬ್ರಿಸ್ಬೇನಿನ ಕಚೇರಿಯಿಂದ ತಂತಿ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಸುದ್ದಿ ಹೋಗುತ್ತಿತ್ತು. ಅಲ್ಲಿಂದಾಚೆ ಬರಿಯ ನೀರು.

ಮಾರ್ಚ್ 4ರ ರಾತ್ರಿ ಗಾಳಿ ಬಡಿಯಿತು. ವಾಯುಭಾರ ನಾವಿಕರು ಹಿಂದೆಂದೂ ಕಾಣದಷ್ಟು ಕೆಳಗಿಳಿಯಿತು. ಬೆಳಗಾಗುವುದರೊಳಗೆ ದೋಣಿಗಳ ತಂಡವೇ ನುಚ್ಚುನೂರಾಗಿತ್ತು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ದಡದಲ್ಲಿದ್ದ ಮೂಲನಿವಾಸಿಗಳಲ್ಲಿಯೂ ಅನೇಕರನ್ನು ಉಕ್ಕಿಬಂದ ಕಡಲು ಎಳೆದೊಯ್ದಿತು. ಒಡೆದ ದೋಣಿಗಳಿಂದ ತೇಲಿ ಬರುತ್ತಿದ್ದವರನ್ನು ಎಳೆದುಕೊಳ್ಳಲು ಅವರು ನೀರಿಗಿಳಿದಿದ್ದರೆಂದು ಹೇಳುತ್ತಾರೆ. ಆಸ್ಟ್ರೇಲಿಯದ ಲಿಖಿತ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಚಂಡಮಾರುತ ಮತ್ತೊಂದಿಲ್ಲ. ಹಡಗುಗಳ ಒಡೆಯರ ಹೆಸರುಗಳು ಪತ್ರಿಕೆಗಳಲ್ಲಿ ಬಂದವು. ಸತ್ತ ಮುಳುಗುಗಾರರಲ್ಲಿ ಎಷ್ಟೋ ಜನರ ಹೆಸರು ಎಲ್ಲಿಯೂ ದಾಖಲಾಗಲಿಲ್ಲ. ಗಾಳಿಗೆ ಹೆಸರಿತ್ತು, ಸತ್ತವರಿಗೆ ಇರಲಿಲ್ಲ!

ಇದಾದ ಕೆಲವೇ ವರ್ಷಗಳಲ್ಲಿ ರ‍್ಯಾಗ್‌ನ ಭಾಗ್ಯ ತಿರುಗಿತು. ಆಸ್ಟ್ರೇಲಿಯವನ್ನು ಆಗ ಭೀಕರವಾದ ಬರಗಾಲ ಕಾಡುತ್ತಿತ್ತು. 1895ರ ಸುಮಾರಿಗೆ ತೊಡಗಿದ ಆ ಬರ 1902ರಲ್ಲಿ ಪರಾಕಾಷ್ಠೆಗೇರಿ, ಕುರಿದನಗಳು ಲಕ್ಷಗಟ್ಟಲೆ ಸತ್ತವು. ಮಳೆಯನ್ನು ಹೇಳುವವನು ಮಳೆಯನ್ನು ತರಿಸಲಾರನೇ ಎಂದು ಜನ ಕೇಳಿದರೆ ಆಶ್ಚರ್ಯವಿಲ್ಲ. ಆಸ್ಟ್ರಿಯ ದೇಶದಲ್ಲಿ ಸ್ಟೀಗರ್ ಎಂಬ ದ್ರಾಕ್ಷಿ ಬೆಳೆಗಾರನು ಆಲಿಕಲ್ಲು ಮಳೆಯನ್ನು ಚದುರಿಸಲು ಆಲಿಕೆಯ ಆಕಾರದ ಫಿರಂಗಿಗಳನ್ನು ಬಳಸುತ್ತಿದ್ದನು. ಅಂಥ ಆರು ಫಿರಂಗಿಗಳನ್ನು ರ‍್ಯಾಗ್ ಕ್ವೀನ್ಸ್‌ಲೆಂಡಿನ ಒಳನಾಡಾದ ಚಾರ್ಲ್‌ವಿಲ್ ಊರಿನಲ್ಲಿ ನಿಲ್ಲಿಸಿದನು. 1902ರ ಸೆಪ್ಟೆಂಬರ್ 26ರಂದು ಅವು ಆಕಾಶಕ್ಕೆ ಗುಂಡು ಹಾರಿಸಿದವು. ಸದ್ದು ಬಂದಿತು, ಹೊಗೆ ಬಂದಿತು, ಮಳೆ ಬರಲಿಲ್ಲ. ಎರಡು ಫಿರಂಗಿಗಳು ಸಿಡಿದುಹೋದವು. ಅಳೆಯುವುದರಲ್ಲಿ ಅಷ್ಟು ನಿಷ್ಠನಾಗಿದ್ದವನು ಇಂಥ ದುರ್ಬಲವಾದ ನಂಬಿಕೆಗೆ ಏಕೆ ಒಲಿದನೋ! ಬರಗಾಲದಲ್ಲಿ ಬುದ್ಧಿವಂತರಿಗೂ ಆಸೆ ಹೆಚ್ಚು. ಸೂರ್ಯನ ಕಲೆಗಳನ್ನು ನೋಡಿ ವರ್ಷಗಳ ಮುಂಚೆಯೇ ಮಳೆಬೆಳೆ ಹೇಳಬಲ್ಲೆನೆಂಬ ಅವನ ಇನ್ನೊಂದು ನಂಬಿಕೆಯನ್ನೂ ಮುಂದಿನ ವಿಜ್ಞಾನ ಎತ್ತಿಹಿಡಿಯಲಿಲ್ಲ.

1901ರಲ್ಲಿ ವಸಾಹತುಗಳೆಲ್ಲ ಕೂಡಿ ಒಂದು ರಾಷ್ಟ್ರವಾಗಿದ್ದವು. ಇಡೀ ದೇಶಕ್ಕೆ ಒಂದೇ ಹವಾಮಾನ ಇಲಾಖೆ ಬೇಕು, ಅದರ ಮುಖ್ಯಸ್ಥ ತಾನಾಗಬೇಕು ಎಂಬುದು ರ‍್ಯಾಗ್‌ನ ಹಂಬಲ. ಹೊಸ ಸರ್ಕಾರ ಆ ಮಾತನ್ನು ಮುಂದೂಡುತ್ತ ಹೋಯಿತು. ಸಿಟ್ಟಿಗೆದ್ದ ರ‍್ಯಾಗ್ ಬಾರ್ಟನ್, ಡೀಕಿನ್, ಡ್ರೇಕ್ ಮೊದಲಾದ ರಾಜಕಾರಣಿಗಳ ಹೆಸರುಗಳನ್ನೇ ಕಡಲ ಮೇಲಿನ ಗಾಳಿಗಳಿಗೆ ಇಡತೊಡಗಿದನು! ಇಂಥ ಮಂತ್ರಿಯ ಹೆಸರಿನ ಗಾಳಿ ಗೊತ್ತುಗುರಿಯಿಲ್ಲದೆ ಅಲೆಯುತ್ತಿದೆ ಎಂದು ಪತ್ರಿಕೆಯಲ್ಲಿ ಬಂದರೆ ಓದುಗರಿಗೆ ನಗು. ಆದರೆ ಜನರ ಪ್ರಾಣ ಉಳಿಸಬೇಕಾದ ಎಚ್ಚರಿಕೆಯನ್ನು ಸ್ವಂತ ಹಗೆ ತೀರಿಸಿಕೊಳ್ಳಲು ಬಳಸುವುದು ಸರಿಯೆನ್ನಲಾಗದು. 1903ರ ಮಾರ್ಚ್‌ನಲ್ಲಿ ‘ಲಿಯೊಂಟ’ ಎಂಬ ಗಾಳಿ ಟೌನ್ಸ್‌ವಿಲ್ಲನ್ನು ಮತ್ತೆ ಹಾಳುಗೆಡವಿತು. ಅದೇ ವರ್ಷ ಕ್ವೀನ್ಸ್‌ಲೆಂಡ್ ಸರ್ಕಾರ ಅವನ ಇಲಾಖೆಯ ಹಣವನ್ನು ಕಡಿತಗೊಳಿಸಿದಾಗ ರ‍್ಯಾಗ್ ರಾಜೀನಾಮೆ ಕೊಟ್ಟು ಹೊರಬಂದನು. ಅವನು ಕನಸಿದ ರಾಷ್ಟ್ರೀಯ ಇಲಾಖೆ 1908ರಲ್ಲಿ ಆರಂಭವಾಯಿತು. ಅದರ ಹಿರಿಯ ಹುದ್ದೆ ಹೆನ್ರಿ ಹಂಟ್ ಎಂಬವನಿಗೆ ಸಂದಿತು. ಬೆನ್ ನೆವಿಸ್ಸಿನಲ್ಲಿ ಆದದ್ದೇ ಇಲ್ಲಿಯೂ ಆಯಿತು. ರ‍್ಯಾಗ್ ಹೊರಟುಹೋದ ಮೇಲೆ ಗಾಳಿಗಳಿಗೆ ಹೆಸರಿಡುವ ಪದ್ಧತಿಯೂ ನಿಂತುಹೋಯಿತು.

ಮುಂದಿನ ವರ್ಷಗಳಲ್ಲಿ ಅವನು ಊರೂರು ತಿರುಗಿ ಉಪನ್ಯಾಸ ಕೊಟ್ಟು ಜೀವಿಸಿದನು. ಆ ಯಾತ್ರೆಯಲ್ಲಿ ನಮ್ಮ ಭಾರತಕ್ಕೂ ಬಂದಿದ್ದನು. 1910ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಬಳಿ ಬರ್ಕನ್‌ಹೆಡ್ ಎಂಬಲ್ಲಿ ನೆಲೆನಿಂತು, ಮನೆಯ ಸುತ್ತ ಉಷ್ಣವಲಯದ ಗಿಡಮರಗಳ ತೋಟವನ್ನೂ ಒಂದು ವಸ್ತುಸಂಗ್ರಹಾಲಯವನ್ನೂ ಮಾಡಿಕೊಂಡನು. 1922ರ ಡಿಸೆಂಬರ್ 10ರಂದು ಅಲ್ಲಿಯೇ ತೀರಿಕೊಂಡನು. ಆಗ ಅವನಿಗೆ ಎಪ್ಪತ್ತು ವರ್ಷ. ಜಗತ್ತಿನ ಯಾವ ಕಡಲಿನಲ್ಲಿಯೂ ಆ ದಿನ ಹೆಸರು ಹೊತ್ತ ಗಾಳಿ ಒಂದೂ ಇರಲಿಲ್ಲ.

ಪದ್ಧತಿ ಮರಳಿ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಪೆಸಿಫಿಕ್ ಸಾಗರದ ಮೇಲೆ ವಿಮಾನ, ಹಡಗುಗಳಿಗೆ ಹವೆ ಹೇಳುತ್ತಿದ್ದ ಅಮೆರಿಕದ ಸೈನಿಕ ತಜ್ಞರು ಗಾಳಿಗಳನ್ನು ಹೆಂಗಸರ ಹೆಸರಿನಿಂದ ಕರೆಯತೊಡಗಿದರು. 1953ರಲ್ಲಿ ಅಮೆರಿಕದ ಹವಾಮಾನ ಇಲಾಖೆ ಅದನ್ನೇ ಅಧಿಕೃತಗೊಳಿಸಿತು. ರ‍್ಯಾಗ್‌ನ ಆಸ್ಟ್ರೇಲಿಯದಲ್ಲಿ 1964ರ ಜನವರಿಯಲ್ಲಿ ‘ಬೆಸ್ಸಿ’ ಎಂಬ ಹೆಸರಿನೊಡನೆ ಪದ್ಧತಿ ಮತ್ತೆ ಚಿಗುರಿತು. ಅನಾಹುತಗಳಿಗೆಲ್ಲ ಹೆಂಗಸರ ಹೆಸರೇ ಏಕೆಂದು ಮಹಿಳೆಯರು ನ್ಯಾಯವಾಗಿಯೇ ಆಕ್ಷೇಪಿಸಿದರು. 1970ರ ದಶಕದಲ್ಲಿ ಗಂಡಸರ ಹೆಸರುಗಳೂ ಪಟ್ಟಿಗೆ ಸೇರಿದವು. ನಮ್ಮ ಬಂಗಾಳಕೊಲ್ಲಿ, ಅರಬ್ಬೀ ಸಮುದ್ರಗಳ ಗಾಳಿಗಳು ಮಾತ್ರ ಬಹುಕಾಲ ಹೆಸರಿಲ್ಲದೆಯೇ ಉಳಿದವು. ಎಂಟು ದೇಶಗಳು ಕೂಡಿ ಒಂದೊಂದೂ ಎಂಟೆಂಟು ಹೆಸರು ಕೊಟ್ಟು 64 ಹೆಸರುಗಳ ಪಟ್ಟಿ ಮಾಡಿದ ಮೇಲೆ, 2004ರಲ್ಲಿ ‘ಒನಿಲ್’ ಎಂಬ ಮೊದಲ ಹೆಸರು ಬಳಕೆಗೆ ಬಂದಿತು. 2020ರಲ್ಲಿ ‘ಅಂಫಾನ್’ ಬಂದಾಗ ಪಟ್ಟಿ ಮುಗಿಯಿತು. ಈಗ 13 ದೇಶಗಳ 169 ಹೆಸರುಗಳ ಹೊಸ ಪಟ್ಟಿಯಿದೆ; ಅದರಲ್ಲಿ ಭಾರತ ಕೊಟ್ಟವು ಗತಿ, ತೇಜ್, ವ್ಯೋಮ್, ಪ್ರಭಂಜನ್, ಅಂಬುದ್, ಜಲಧಿ ಮೊದಲಾದವು. ಹೆಸರು ಚಿಕ್ಕದಾಗಿರಬೇಕು, ನುಡಿಯಲು ಸುಲಭವಾಗಿರಬೇಕು, ಯಾರ ಮನಸ್ಸನ್ನೂ ನೋಯಿಸಬಾರದು, ರಾಜಕೀಯದ ಸೋಂಕಿರಬಾರದು ಎಂಬುದು ನಿಯಮ. ಮಂತ್ರಿಗಳ ಹೆಸರಿಟ್ಟ ರ‍್ಯಾಗ್ ಇಂದು ಪಟ್ಟಿ ಕೊಟ್ಟಿದ್ದರೆ ಅದು ಹಿಂದಕ್ಕೆ ಬರುತ್ತಿತ್ತು.

ಹೆಸರಿಡುವ ಕೆಲಸವನ್ನು ಈಗ ಸಾಗರ ಸಾಗರಕ್ಕೆ ಹಂಚಿಕೊಟ್ಟಿದ್ದಾರೆ. ಬಂಗಾಳಕೊಲ್ಲಿ, ಅರಬ್ಬೀ ಸಮುದ್ರಗಳಲ್ಲಿ ಎದ್ದರೆ ದೆಹಲಿ, ವಾಯವ್ಯ ಪೆಸಿಫಿಕ್ಕಿನಲ್ಲಿ ಎದ್ದರೆ ಟೋಕಿಯೊ. ಆದರೆ ಗಾಳಿ ಹಂಚಿಕೆಯ ಪತ್ರವನ್ನು ಓದಿಕೊಂಡು ಹುಟ್ಟುವುದಿಲ್ಲ. 2000ದ ಫೆಬ್ರವರಿಯಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಒಂದು ಗಾಳಿಗೆ ಆಸ್ಟ್ರೇಲಿಯದವರು ‘ಲಿಯಾನ್’ ಎಂದು ಹೆಸರಿಟ್ಟರು. ಅದು ಪಶ್ಚಿಮಕ್ಕೆ ಸರಿದು ಗಡಿ ದಾಟಿದಾಗ ಮಾರಿಷಸ್ಸಿನವರು ‘ಎಲೈನ್’ ಎಂದು ಮರುನಾಮಕರಣ ಮಾಡಿದರು. ಮೊಜಾಂಬಿಕ್ ದೇಶವನ್ನು ನೆರೆಯಲ್ಲಿ ಮುಳುಗಿಸಿದ ಆ ಗಾಳಿ ಎರಡು ಹೆಸರು ಹೊತ್ತು ಚರಿತ್ರೆ ಸೇರಿತು. ಇನ್ನು ಭೂಮಧ್ಯರೇಖೆಯ ಸಮೀಪ ಭೂಭ್ರಮಣದ ತಿರುಚು ಅತ್ಯಲ್ಪವಾದ್ದರಿಂದ ಅಲ್ಲಿ ಚಂಡಮಾರುತ ಸುತ್ತಲಾರದು ಎಂದು ಪುಸ್ತಕಗಳು ಹೇಳುತ್ತಿದ್ದವು. 2001ರ ಡಿಸೆಂಬರಿನಲ್ಲಿ ‘ವಾಮೈ’ ಎಂಬುದು ಸಿಂಗಪುರದ ಬಳಿ, ರೇಖೆಯಿಂದ ಕೇವಲ ಒಂದೂವರೆ ಡಿಗ್ರಿ ಉತ್ತರಕ್ಕೆ ಬಂದು ನಿಂತಿತು. 2004ರ ನವೆಂಬರಿನಲ್ಲಿ ಅರಬ್ಬೀ ಸಮುದ್ರದ ದಕ್ಷಿಣದಲ್ಲಿ ಎದ್ದ ಇನ್ನೊಂದು ಗಾಳಿ ರೇಖೆಗೆ ಅದಕ್ಕಿಂತಲೂ ಹತ್ತಿರದಲ್ಲಿತ್ತು. ಸರದಿಯಂತೆ ಅದಕ್ಕೆ ಸಿಕ್ಕಿದ್ದು ಭಾರತ ಕೊಟ್ಟ ಹೆಸರು, ‘ಅಗ್ನಿ’.

ಇವೆರಡಕ್ಕೂ ಕಾದಿಟ್ಟ ಹೆಸರಾದರೂ ಇತ್ತು. ಅದೇ 2004ರ ಮಾರ್ಚ್‌ನಲ್ಲಿ ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ನಡೆದದ್ದು ಬೇರೆ. ಅಲ್ಲಿನ ನೀರು ಸಾಮಾನ್ಯವಾಗಿ ತಂಪು. ಮೇಲಣ ಗಾಳಿ ಒಂದು ದಿಕ್ಕು, ಕೆಳಗಣ ಗಾಳಿ ಒಂದು ದಿಕ್ಕಾಗಿ, ಮೋಡದ ಸುಳಿ ಕಟ್ಟಿಕೊಳ್ಳುವ ಮುನ್ನವೇ ಹರಿದುಹೋಗುತ್ತದೆ. ಆದುದರಿಂದ ಆ ಸಾಗರಕ್ಕೆಂದು ಯಾರೂ ಹೆಸರುಗಳ ಪಟ್ಟಿಯನ್ನೇ ಮಾಡಿರಲಿಲ್ಲ. ಆದರೂ ಉಪಗ್ರಹದ ಚಿತ್ರಗಳಲ್ಲಿ ಕಣ್ಣುಳ್ಳ ದೊಡ್ಡ ಸುಳಿಯೊಂದು ಬ್ರೆಜಿಲಿನ ಕಡೆಗೆ ಬರುವುದು ಕಂಡಿತು. ಇದು ನಿಜವಾದ ಚಂಡಮಾರುತವೇ ಅಲ್ಲವೇ ಎಂದು ತಜ್ಞರು ಚರ್ಚಿಸುತ್ತಿರುವಾಗಲೇ, 28ರಂದು ಅದು ದಡಕ್ಕೆ ಅಪ್ಪಳಿಸಿ ಸಾವಿರಾರು ಮನೆಗಳಿಗೆ ಹಾನಿ ಮಾಡಿತು. ಪಟ್ಟಿಯಿರಲಿಲ್ಲವಾಗಿ, ಅದು ಬಡಿದ ಸಾಂತಾ ಕಟರೀನ ಪ್ರಾಂತದ ಹೆಸರನ್ನೇ ಅದಕ್ಕೆ ಇಟ್ಟು ‘ಕಟರೀನ’ ಎಂದರು. ಮುಂದಿನ ವರ್ಷ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ ‘ಕತ್ರಿನಾ’ ಬೇರೆ, ಇದು ಬೇರೆ. ವಿದ್ಯಾರ್ಥಿಗಳು ಇವೆರಡನ್ನೂ ಕಲಸಿಕೊಳ್ಳಬಾರದು.

ಆಮೇಲೆ ಬ್ರೆಜಿಲಿನ ನೌಕಾಪಡೆ ಆ ಸಾಗರದ ಗಾಳಿಗಳಿಗಾಗಿ ಒಂದು ಪಟ್ಟಿಯನ್ನು ಸಿದ್ಧಪಡಿಸಿತು. ರ‍್ಯಾಗ್ ಪೆಸಿಫಿಕ್ ದ್ವೀಪವಾಸಿಗಳ ಮಾತುಗಳನ್ನು ಆಯ್ದುಕೊಂಡಂತೆ ಅವರು ತಮ್ಮ ನಾಡಿನ ಮೂಲನಿವಾಸಿಗಳ ತುಪಿ ಭಾಷೆಯ ಪದಗಳನ್ನು ಆಯ್ದುಕೊಂಡರು. 2011ರ ಮಾರ್ಚ್‌ನಲ್ಲಿ ಬ್ರೆಜಿಲಿನ ಪೂರ್ವಕ್ಕೆ ಕಡಲಲ್ಲಿ ಒಂದು ಸುಳಿ ಎದ್ದಿತು. ಅದು ಇನ್ನೂ ನೀರಿನ ಮೇಲಿರುವಾಗಲೇ ಪಟ್ಟಿಯ ಮೊದಲ ಹೆಸರನ್ನು ಅದಕ್ಕಿಟ್ಟು ಹಡಗುಗಳಿಗೆ ತಿಳಿಸಿದರು. ಆ ಹೆಸರು ‘ಅರಾನಿ’. ಅದು ದಡದತ್ತ ಬಾರದೆ ಪೂರ್ವಕ್ಕೆ ಸರಿದು ಸಾಗರದಲ್ಲಿಯೇ ಕರಗಿಹೋಯಿತು.